ತುಳಸಿ ಕುಂಡದ ಕೆಳಗಿನ ಕಲೆ

ಹೋದ ವರ್ಷ ಚಳಿಗಾಲದಲ್ಲಿ ನಾನೂ ನನ್ನಾಕೆಯೂ ಮೂರು ತಿಂಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೆವು. ಆ ಮನೆಯ ನೆಲವೆಲ್ಲ ಓಕ್ ಮರದ ಹಲಗೆ. ನಾನು ಹುಟ್ಟಿ ಬೆಳೆದದ್ದು ಗಾರೆ ನೆಲದ ಮೇಲೆ. ಬಕೆಟ್ಟಿನಲ್ಲಿ ನೀರು ಸುರಿದು ಪೊರಕೆಯಿಂದ ತಳ್ಳಿದರೇನೇ ನಮಗೆ ಮನೆ ಶುದ್ಧವಾದಂತೆ. ಸೊಸೆ ಮೊದಲ ದಿನವೇ ಹೇಳಿದ್ದಳು, "ಮಾವ, ಈ ನೆಲಕ್ಕೆ ನೀರು ಬೀಳಬಾರದು." ಆಗಲಿ ಎಂದಿದ್ದೆ.

ಹೊರಗೆ ಹಿಮ ಬೀಳುತ್ತಿದ್ದುದರಿಂದ ತುಳಸಿ ಕುಂಡವನ್ನು ಹಾಲ್‌ನ ಕಿಟಕಿಯ ಪಕ್ಕ ಇಟ್ಟಿದ್ದರು. ಕೆಳಗೊಂದು ಕಬ್ಬಿಣದ ತಗಡಿನ ತಟ್ಟೆ. ಸ್ನಾನವಾದ ಮೇಲೆ ತುಳಸಿಗೆ ನೀರು ಹಾಕುವುದು ನನ್ನ ಕೆಲಸ. ಊರಿನ ಅಭ್ಯಾಸದಂತೆ ಒಂದು ಚೆಂಬು ತುಂಬ ಹಾಕುತ್ತಿದ್ದೆ. ತಟ್ಟೆ ತುಂಬಿ ಸ್ವಲ್ಪ ಚೆಲ್ಲುತ್ತಿತ್ತು. ತಾನೇ ಒಣಗುತ್ತದೆ ಬಿಡು ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಗ ಕುಂಡವನ್ನು ಸರಿಸಿದ. ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಗಿತ್ತು. ತಟ್ಟೆ ಇದ್ದ ಜಾಗ ಕಪ್ಪಗಾಗಿತ್ತು. ಎಂಟು ವರ್ಷದ ಮೊಮ್ಮಗಳು ಅಲ್ಲೇ ಕುಳಿತು ಓದುವವಳು. ಎರಡು ದಿನದ ಹಿಂದೆ ಅವಳ ನೀರಿನ ಬಾಟಲಿ ಅಲ್ಲೇ ಉರುಳಿತ್ತು. ಮಗ ಅವಳನ್ನು ಚೆನ್ನಾಗಿ ಗದರಿಸಿದ. ಅವಳು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು ಬಾಯಿ ಬಿಡಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿದ್ದಾಗ ಸಂಜೆ ಹತ್ತು ರೂಪಾಯಿ ಕಡಿಮೆ ಬಂದರೂ ಲೆಕ್ಕ ಕೂಡುವವರೆಗೆ ಏಳುತ್ತಿರಲಿಲ್ಲ. ನನ್ನ ಕೊರತೆಯನ್ನು ಪಕ್ಕದ ಕೌಂಟರಿನವನ ತಲೆಗೆ ಎಂದೂ ಕಟ್ಟಿರಲಿಲ್ಲ. ಈಗ ಎಂಟು ವರ್ಷದ ಮಗುವಿನ ತಲೆಗೆ ಕಟ್ಟಿ ಮಲಗಿದ್ದೆ!

ಬೆಳಿಗ್ಗೆ ಕಾಫಿ ಹೊತ್ತಿಗೆ ಎಲ್ಲರೆದುರು ಹೇಳಿಬಿಟ್ಟೆ, "ನೆಲ ಕೆಡಿಸಿದ್ದು ಅವಳಲ್ಲ, ನಾನು." ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳನ್ನು ಹತ್ತಿರ ಕರೆದು "ತಪ್ಪಾಯ್ತು ಪುಟ್ಟಿ" ಎಂದ. ಅವಳು ನನಗೆ ಹೇಳಿದಳು, "ನಂಗೆ ಗೊತ್ತಿತ್ತು ತಾತ. ನೀವು ದಿನಾ ನೀರು ಚೆಲ್ಲೋದು ನೋಡಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೇ ಹೇಳ್ತೀರ ಅಂತ."

ಮರುದಿನ ನೆಲದ ಕೆಲಸದವನು ಬಂದ. ಎರಡು ಸೂಜಿಯ ಮೀಟರನ್ನು ಹಲಗೆಗೆ ಚುಚ್ಚಿ ತೇವ ಅಳೆದ. ಅವನು ವಿವರಿಸಿದ್ದು ಇಷ್ಟು. ಮರ ಸಣ್ಣ ಕೊಳವೆಗಳ ಕಟ್ಟು ಇದ್ದಂತೆ. ನೀರು ಕುಡಿದರೆ ಉದ್ದಕ್ಕೆ ಹೆಚ್ಚು ಬೆಳೆಯದೆ ಅಗಲಕ್ಕೆ ಉಬ್ಬುತ್ತದೆ. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಬಿಗಿಯಾಗುವುದೂ ಇದರಿಂದಲೇ. ಸಂದಿಯಲ್ಲಿ ಇಳಿದ ನೀರಿನಿಂದ ಹಲಗೆಯ ತಳ ಉಬ್ಬಿ, ಮೇಲ್ಭಾಗ ಒಣಗಿಯೇ ಇದ್ದರೆ ಅಂಚುಗಳು ದೋಣಿಯಂತೆ ಏಳುತ್ತವೆ. ಹಸಿಯಿರುವಾಗಲೇ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬುತ್ತದೆ. ಆದ್ದರಿಂದ ಮೊದಲು ಪೂರ್ತಿ ಒಣಗಿಸಬೇಕು. ಫ್ಯಾನು ಮತ್ತು ತೇವ ಹೀರುವ ಯಂತ್ರ ಇಟ್ಟು ವಾರಗಟ್ಟಲೆ ಕಾದೆವು. ಹಲಗೆಗಳು ಬಹುಮಟ್ಟಿಗೆ ಕುಳಿತವು.

ಕಪ್ಪು ಕಲೆ ಮಾತ್ರ ಹೋಗಲಿಲ್ಲ. ಓಕ್ ಮರದ ಒಗರಿಗೆ ಕಬ್ಬಿಣವೂ ನೀರೂ ಸೇರಿದರೆ ಕಪ್ಪಾಗುತ್ತದಂತೆ. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಅಂದರೆ ನಾನು ಮಗನ ಮನೆಯ ನೆಲದ ಮೇಲೆ ಶಾಯಿ ಚೆಲ್ಲಿದ್ದೆ!

ಈಗ ನಮ್ಮೂರುಗಳಲ್ಲೂ ಮರದ ನೆಲದ ಮನೆಗಳಿವೆ. ಅಂಥ ಮನೆಯಲ್ಲಿರುವ ಮಕ್ಕಳೂ ತಾತಂದಿರೂ ಇಷ್ಟು ನೆನಪಿಡಿ. ನೀರು ಬಿದ್ದರೆ ಆ ಕ್ಷಣವೇ ಒಣಬಟ್ಟೆಯಿಂದ ಒರೆಸಿ. ನೆಲ ಒರೆಸುವ ಬಟ್ಟೆಯನ್ನು ಹನಿ ತೊಟ್ಟಿಕ್ಕದಂತೆ ಹಿಂಡಿ. ಕುಂಡವನ್ನು ನೆಲಕ್ಕೆ ತಾಗಿಸದೆ, ಕಾಲಿರುವ ಮಣೆಯ ಮೇಲೆ ಆಳವಾದ ಪ್ಲಾಸ್ಟಿಕ್ ತಟ್ಟೆಯಲ್ಲಿಡಿ. ಬಾಗಿಲಲ್ಲಿ, ಸಿಂಕಿನ ಮುಂದೆ ಕಾಲೊರಸು ಹಾಕಿ, ವಾರಕ್ಕೊಮ್ಮೆ ಅದರ ಅಡಿ ಎತ್ತಿ ನೋಡಿ. ತಪ್ಪಾದರೆ ಅಂದೇ ಹೇಳಿ. ನೀರಾಗಲಿ ತಪ್ಪಾಗಲಿ, ಒಳಗೆ ಇಳಿದ ಮೇಲೆ ತೆಗೆಯುವುದು ಕಷ್ಟ.

ಈಗ ತುಳಸಿಗೆ ನೀರು ಹಾಕುವುದು ಮೊಮ್ಮಗಳು, ಅದೂ ಅರ್ಧ ಲೋಟ ಮಾತ್ರ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಮೊದಲು ಕುಂಡ ಸರಿಸಿ ನೆಲ ತೋರಿಸುತ್ತಾಳೆ.

"ಒಣಗಿದೆ ತಾತ, ನೋಡಿ."