ಕಾರ್ಡು ಹಳೆಯದಾದರೂ ಕಾಯಿ ಹಳೆಯದಲ್ಲ

ಚದುರಂಗದ ಕುದುರೆಗೆ ಯಾರೂ ಚೀಟಿ ಅಂಟಿಸಿಲ್ಲ. ಅದು ಎರಡೂವರೆ ಮನೆ ಹಾರುತ್ತದೆಂದು ಅಜ್ಜ ಹೇಳಿಕೊಟ್ಟದ್ದು ಮೊಮ್ಮಗನಿಗೂ ಸಾಕಾಗುತ್ತದೆ. ಆದರೆ ಈಗ ಮೇಜಿನ ಮೇಲೆ ಪುಟ್ಟ ಮಾದರಿಗಳನ್ನಿಟ್ಟು ಆಡುವ ಯುದ್ಧದ ಆಟಗಳ ರೀತಿಯೇ ಬೇರೆ. ಅಲ್ಲಿ ಒಂದೊಂದು ಕಾಯಿಗೂ ಒಂದೊಂದು ಕಾರ್ಡು. ಅದರ ಬಲವೆಷ್ಟು, ಎಷ್ಟು ಪೆಟ್ಟು ತಾಳೀತು, ಅದರ ವಿಶೇಷ ವಿದ್ಯೆ ಏನು ಎಂಬುದೆಲ್ಲ ಅದರ ಮೇಲೆ ಅಚ್ಚಾಗಿರುತ್ತದೆ. ಕಾಯಿ ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಬಾಳುತ್ತದೆ. ಕಾರ್ಡು ಮಾತ್ರ ನಾಲ್ಕಾರು ವರ್ಷಕ್ಕೇ ಮುದುಕಾಗುತ್ತದೆ, ಹರಿದು ಅಲ್ಲ, ನಿಯಮ ಬದಲಾಗಿ. ಆ ಕಾರ್ಡಿನ ಕಟ್ಟುಗಳ ವಿಚಾರವಾಗಿ ನಾಲ್ಕು ಮಾತು ಬರೆಯೋಣವೆಂದಿದ್ದೇವೆ. ಮಕ್ಕಳ ಆಟವೆಂದು ಓದುಗರು ಪುಟ ಮಗುಚಬಾರದು. ಆಟ ಮಕ್ಕಳದಾದರೂ ಖರ್ಚು ಹಿರಿಯರದು.

ನಮಗೆ ಪರಿಚಯವಾದದ್ದು 'ಎಕ್ಸ್-ವಿಂಗ್' ಎಂಬ ಆಟ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ರಜೆಗೆ ಬಂದವನು ತನ್ನ ಪೆಟ್ಟಿಗೆಯನ್ನು ನಮ್ಮ ಮಗನಿಗೆ ಬಿಟ್ಟುಹೋಗಿದ್ದ. 'ಸ್ಟಾರ್ ವಾರ್ಸ್' ಚಿತ್ರಗಳಲ್ಲಿ ಬರುವ ವಿಮಾನಗಳ ಈ ಆಟವನ್ನು ಫ್ಯಾಂಟಸಿ ಫ್ಲೈಟ್ ಗೇಮ್ಸ್ ಎಂಬ ಅಮೆರಿಕದ ಕಂಪನಿ 2012ರಲ್ಲಿ ಹೊರತಂದಿತು. ಮೊದಲ ಪೆಟ್ಟಿಗೆಯಲ್ಲಿ ಒಂದು ಎಕ್ಸ್-ವಿಂಗ್, ಎರಡು ಟೈ ಫೈಟರ್. ಬಣ್ಣ ಬಳಿದುಕೊಂಡೇ ಬರುತ್ತವೆ. ತನ್ನ ವಿಮಾನ ಯಾವ ಕಡೆ ತಿರುಗಬೇಕೆಂದು ಇಬ್ಬರೂ ಒಂದು ಪುಟ್ಟ ಚಕ್ರದಲ್ಲಿ ಗುಟ್ಟಾಗಿ ಗುರುತಿಟ್ಟು, ಆಮೇಲೆ ತೆರೆದು ತೋರಿಸಬೇಕು. ಒಬ್ಬೊಬ್ಬರ ಪಡೆ 100 ಅಂಕ ಮೀರಬಾರದು. ಕಥಾನಾಯಕ ಲ್ಯೂಕ್ ಸ್ಕೈವಾಕರ್‌ಗೆ 28 ಅಂಕ, ಟೈ ಫೈಟರಿನ ಹೊಸ ಪೈಲಟ್ಟಿಗೆ 12. ಈ ಅಂಕವನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕಿದ್ದರು. ತೊಡಕು ಹುಟ್ಟಿದ್ದೂ ಅಲ್ಲೇ.

ಅಚ್ಚಾದ ಅಂಕ ಸರಿಯಲ್ಲವೆಂದು ಆಮೇಲೆ ತಿಳಿದುಬಂದರೆ ಮಾಡುವುದೇನು? ಖಳನಾಯಕ ಡಾರ್ಥ್ ವೇಡರನ ವಿಮಾನ ಟೈ ಅಡ್ವಾನ್ಸ್ಡ್‌ಗೆ ಆದದ್ದು ಇದೇ. ತೆತ್ತ ಅಂಕಕ್ಕೆ ತಕ್ಕ ಬಲ ಅದಕ್ಕಿಲ್ಲವೆಂದು ಆಡುವವರು ಅದನ್ನು ಮೂಲೆಗಿಟ್ಟರು. ಮಾರಾಟವಾಗಿ ಮನೆ ಸೇರಿದ ಕಾರ್ಡಿನ ಅಂಕವನ್ನು ತಿದ್ದುವವರು ಯಾರು? ಕಂಪನಿ 2015ರಲ್ಲಿ, ಅದರ ಮೇಲೆ ಹೇರುವ ಸಲಕರಣೆಗೆ ನಾಲ್ಕು ಅಂಕ ರಿಯಾಯಿತಿ ಕೊಡುವ ಇನ್ನೊಂದು ಕಾರ್ಡನ್ನು ತಂದಿತು. ಆದರೆ ಆ ಕಾರ್ಡು ಬಂದದ್ದು ಇಂಪೀರಿಯಲ್ ರೇಡರ್ ಎಂಬ ದೊಡ್ಡ ಹಡಗಿನ ಪೆಟ್ಟಿಗೆಯಲ್ಲಿ. ಅದರ ಬೆಲೆ ಸುಮಾರು 100 ಡಾಲರು. ಮೂಗಿಗಿಂತ ಮೂಗುತಿ ಭಾರ! ತನಗೆ ಬೇಡದ ವಿಮಾನವನ್ನು ಒಂದು ಕಾರ್ಡಿಗಾಗಿ ಕೊಳ್ಳುವುದು ಆ ಆಟದಲ್ಲಿ ಮಾಮೂಲಾಗಿಹೋಗಿತ್ತು. ಕೊಳ್ಳಬಲ್ಲವನು ಗೆಲ್ಲುತ್ತಾನೆ, ಕೊಳ್ಳಲಾರದವನು ಸೋಲುತ್ತಾನೆ ಎಂದಾದ ಮೇಲೆ ಅದು ಆಟವೆನಿಸೀತೆ?

2018ರಲ್ಲಿ ಎರಡನೆಯ ಆವೃತ್ತಿ ಬಂತು. ಹಳೆಯ ವಿಮಾನಗಳನ್ನು ಎಸೆಯಬೇಕಾಗಿರಲಿಲ್ಲ; ಹೊಸ ಕಾರ್ಡು, ಹೊಸ ಚಕ್ರ, ತಳದ ಪಟ್ಟಿಗಳನ್ನು ಒಟ್ಟುಗೂಡಿಸಿ ಪಕ್ಷಕ್ಕೊಂದರಂತೆ ಬದಲಾವಣೆಯ ಪೆಟ್ಟಿಗೆ ಮಾರಿದರು. ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ, ಅಂಕವನ್ನು ಕಾರ್ಡಿನಿಂದ ತೆಗೆದೇ ಹಾಕಿದರು. ಅಂಕಗಳ ಪಟ್ಟಿ ಬೇರೆ, ಅದೂ ಪುಕ್ಕಟೆ. 2019ರ ಜನವರಿಯಲ್ಲಿ ಪಟ್ಟಿ ಮೊದಲ ಸಲ ಪರಿಷ್ಕರಣೆಯಾಯಿತು. ಕಾರ್ಡು ಇದ್ದಂತೆಯೇ ಇತ್ತು.

ಇದನ್ನು ಕೇಳಿದಾಗ ನಮಗೆ ಬಹಳ ಹತ್ತಿರದ ವಿಷಯವೆನ್ನಿಸಿತು. ಕೇಂದ್ರ ಸರಕಾರದ ಗುಮಾಸ್ತರಾದ ನಾವು ನಿಯಮಾವಳಿಯ ಪುಸ್ತಕಗಳಿಗೆ ಕರೆಕ್ಷನ್ ಸ್ಲಿಪ್ಪು ಅಂಟಿಸಿ ಅಂಟಿಸಿ ಬೆರಳಿಗೆ ಗೋಂದು ಮೆತ್ತಿಸಿಕೊಂಡವರು. ತುಟ್ಟಿಭತ್ಯೆಯ ದರವನ್ನು ಯಾರಾದರೂ ನಿಯಮದ ಪುಸ್ತಕದಲ್ಲಿಯೇ ಅಚ್ಚು ಹಾಕಿಸುತ್ತಾರೆಯೆ? ಜನವರಿಗೊಮ್ಮೆ, ಜುಲೈಗೊಮ್ಮೆ ಅದು ಬದಲಾಗತಕ್ಕದ್ದು. ಬೇರೆ ಆದೇಶದಲ್ಲಿ ಬರುತ್ತದೆ. ನಿಲ್ಲುವುದನ್ನು ಪುಸ್ತಕದಲ್ಲಿಡು, ಓಡುವುದನ್ನು ಹಾಳೆಯಲ್ಲಿಡು ಎಂಬ ಈ ವಿವೇಕ ಆಟದವರಿಗೆ ಹೊಳೆಯಲು ಆರು ವರ್ಷ ಬೇಕಾಯಿತು.

ಆದರೂ ಬದಲಾವಣೆಯ ಪೆಟ್ಟಿಗೆಗೆ 50 ಡಾಲರು. ಆಗಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ, ತರಿಸುವ ಖರ್ಚು ಬೇರೆ. ನಮ್ಮ ಮಗನ ಬಳಿ ಎರಡು ಪಕ್ಷದ ವಿಮಾನಗಳೂ ಇದ್ದುದರಿಂದ ಪೆಟ್ಟಿಗೆಯೂ ಎರಡು ಬೇಕು. ಅಷ್ಟರಲ್ಲಿ ನಮ್ಮ ಕ್ವಾರ್ಟರ್ಸಿನ ಮೇಲಿನ ಮನೆಯ ಹುಬ್ಬಳ್ಳಿಯವರ ಹುಡುಗನಿಗೆ ಅವನ ಮಾವ ಹೊಸ ಆವೃತ್ತಿಯನ್ನೇ ತಂದುಕೊಟ್ಟರು. ಒಂದು ಭಾನುವಾರ ಜಗಳ ನಮ್ಮ ಮುಂದೆ ಬಂತು.

"ಕಾಕಾ, ನೀವ ಹೇಳ್ರಿ. ನನ್ನ ಕಾರ್ಡು ಹೊಸಾದು. ಹೊಸಾದ ಖರೆ ಹೌದಲ್ರಿ?"

ನಮ್ಮವನ ಕಣ್ಣಲ್ಲಿ ನೀರು. "ಹಾಗಾದರೆ ನನ್ನ ಲ್ಯೂಕ್ ಸುಳ್ಳಾ ಅಪ್ಪಾ?"

ಸುಳ್ಳಲ್ಲ, ಆದರೆ ಒಬ್ಬ ಹಳೆಯ ಕಾರ್ಡು ಹಿಡಿದು ಇನ್ನೊಬ್ಬ ಹೊಸದು ಹಿಡಿದರೆ ಅದು ಆಟವಲ್ಲ. ಇಬ್ಬರೂ ಒಂದೇ ಕಾಗದವನ್ನು ಒಪ್ಪಬೇಕು ಎಂದೆವು. ಮಧ್ಯಾಹ್ನದ ಹೊತ್ತಿಗೆ ಹುಡುಗರೇ ದಾರಿ ಕಂಡುಕೊಂಡರು. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಮೇಲಿನ ಮನೆಯ ಕಾರ್ಡು ನೋಡಿ ನಕಲು ಮಾಡಿದರು. ಚಕ್ರಕ್ಕೆ ಸ್ಕೆಚ್ ಪೆನ್ನಿನಲ್ಲಿ ಹೊಸ ಬಣ್ಣ ಹಚ್ಚಿದರು. ಒಂದು ಕಡೆ 'ಶ್ರೀ ಗಣೇಶ ಪ್ರಸನ್ನ', ಇನ್ನೊಂದು ಕಡೆ ಲ್ಯೂಕ್ ಸ್ಕೈವಾಕರ್. ಆ ಕಾರ್ಡುಗಳ ಮೇಲೆ ಎರಡು ವರ್ಷ ಯುದ್ಧ ನಡೆಯಿತು.

ಬೇರೆ ಆಟಗಳವರೂ ಇದೇ ಪಾಠ ಕಲಿಯುತ್ತಿದ್ದಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 2023ರಲ್ಲಿ 'ವಾರ್‌ಹ್ಯಾಮರ್ 40,000' ಆಟದ ಹತ್ತನೆಯ ಆವೃತ್ತಿ ತಂದಾಗ, ಇದ್ದ ಸೇನೆಗಳ ಕಾರ್ಡುಗಳ ಪ್ರತಿಯನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಕೊಟ್ಟಿತು, ಅಂಕಪಟ್ಟಿಯೂ ಪ್ರತ್ಯೇಕ. ಅಚ್ಚಾದ ಕಟ್ಟುಗಳನ್ನೂ ಮಾರಿದರು. ಆದರೆ ಒಂದೊಂದು ಸೇನೆಯ ಹೊಸ ಪುಸ್ತಕ ಬಂದ ಹಾಗೆಲ್ಲ ಆ ಸೇನೆಯ ಕಟ್ಟು ರದ್ದಿಗೆ ಬಿತ್ತು. ದುಡ್ಡು ಕೊಟ್ಟವನ ಕಾರ್ಡು ಕಪಾಟಿನಲ್ಲಿ ಉಳಿಯಿತು, ಪುಕ್ಕಟೆ ಪಡೆದವನು ಇನ್ನೊಂದು ಹಾಳೆ ಅಚ್ಚು ಮಾಡಿಕೊಂಡ!

ಎಕ್ಸ್-ವಿಂಗ್‌ನ ಉಸ್ತುವಾರಿ 2020ರಲ್ಲಿ ಅಟಾಮಿಕ್ ಮಾಸ್ ಗೇಮ್ಸ್ ಎಂಬ ಸೋದರ ಸಂಸ್ಥೆಗೆ ಹೋಯಿತು. 2024ರಲ್ಲಿ ಅವರು ಇನ್ನು ಮುಂದೆ ಹೊಸದೇನೂ ಬರುವುದಿಲ್ಲವೆಂದು ಸಾರಿದರು. ಇನ್ನು ಕಾರ್ಡು ಪರಿಷ್ಕರಿಸುವವರು ಯಾರು? ಆಡುವವರೇ. ಅವರೇ ಸೇರಿ ಗುಂಪು ಕಟ್ಟಿಕೊಂಡು, ಅಂಕಪಟ್ಟಿಯನ್ನು ತಾವೇ ತಿದ್ದಿ ಹಂಚುತ್ತಿದ್ದಾರೆ. ಮೇಲಿನ ಕಚೇರಿ ಮುಚ್ಚಿದರೂ ಕಡತ ನಡೆಯುತ್ತಿದೆ ಎನ್ನಬಹುದು. ಕಾರ್ಡು ಅಚ್ಚು ಹಾಕಿದವರದು, ಆಟ ಎದುರುಬದುರು ಕೂತ ಇಬ್ಬರದು. ಅವರಿಬ್ಬರೂ ಒಪ್ಪಿದ್ದೇ ಪರಿಷ್ಕೃತ ಆವೃತ್ತಿ.