ಗಾಜಿನ ತೊಟ್ಟಿಯ ಹವಳಗಳು

ಹವಳವೆಂದರೆ ಬಾಲ್ಯದಲ್ಲಿ ನನಗೆ ತಿಳಿದಿದ್ದುದು ಒಂದೇ: ಅಜ್ಜಿಯ ಕೊರಳಲ್ಲಿದ್ದ ಕೆಂಪು ಮಣಿಗಳ ಸರ. ಊಟ ಮಾಡುತ್ತ ನಾನು ಅದಕ್ಕೆ ಕೈಚಾಚಿದರೆ, “ಹುಳಿ ಕೈಯಲ್ಲಿ ಮುಟ್ಟಬೇಡವೋ, ಹವಳದ ಹೊಳಪು ಹೋಗುತ್ತದೆ” ಎಂದು ಅವಳು ಸರವನ್ನು ಸೆರಗಿನೊಳಗೆ ಮರೆಮಾಡುತ್ತಿದ್ದಳು. ಆ ಎಚ್ಚರಿಕೆಯ ಅರ್ಥ ನನಗೆ ಆದುದು ಐವತ್ತು ವರ್ಷಗಳ ಮೇಲೆ. ಅದೂ ನಮ್ಮ ಮುರುಡೇಶ್ವರದ ಕಡಲಿನಿಂದ ಬಹುದೂರದ ಫ್ಲಾರಿಡಾದಲ್ಲಿ.

ಉದ್ಯೋಗದ ನಿಮಿತ್ತ ನಾನು ಅಲ್ಲಿ ಹಲವು ವರ್ಷ ಇದ್ದೆ. ನೆರೆಮನೆಯ ವೃದ್ಧರೊಬ್ಬರು ಒಂದು ಸಂಜೆ ನನ್ನನ್ನು ಕರೆದು ತಮ್ಮ ಗಾಜಿನ ತೊಟ್ಟಿಯನ್ನು ತೋರಿಸಿದರು. ನೀಲಿ ಬೆಳಕಿನಲ್ಲಿ ಬಂಡೆಗಳ ಮೇಲೆ ಹಸಿರು, ನೇರಳೆ, ಕಿತ್ತಳೆ ಬಣ್ಣದ ಹೂಗಳು ಅರಳಿ ತೂಗುತ್ತಿದ್ದವು. “ಎಂಥ ಚೆಲುವಾದ ಗಿಡಗಳು!” ಎಂದೆ. ಅವರು ನಕ್ಕು, ಅವು ಗಿಡಗಳಲ್ಲ, ಪ್ರಾಣಿಗಳು ಎಂದರು. ಪಾಲಿಪ್ ಎಂಬ ಚಿಕ್ಕ ಜೀವಿಗಳು ಗುಂಪಾಗಿ ಬಾಳುತ್ತವೆ. ಕಡಲನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಆಶ್ರಯ ಕೊಡುತ್ತದೆ. ಬಾಡಿಗೆದಾರನೇ ಮನೆಯೊಡೆಯನಿಗೆ ಉಣಿಸುವ ಈ ಸಂಸಾರವನ್ನು ಕಂಡು ನಾನು ಬೆರಗಾದೆ. ನನಗೂ ಅಂಥದೊಂದು ತೊಟ್ಟಿ ಬೇಕೆನಿಸಿತು.

ತೊಟ್ಟಿ ತಂದ ದಿನವೇ ಹವಳ ಬೇಕೆಂದು ಕೇಳಿದೆ. “ಆರು ವಾರ ಕಾಯಿರಿ” ಎಂದರು ವೃದ್ಧರು. ಶುದ್ಧೀಕರಿಸಿದ ನೀರಿಗೆ ಉಪ್ಪಿನ ಮಿಶ್ರಣ ಬೆರೆಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವಂತೆ ಹದಮಾಡಿ, ಸೂಕ್ಷ್ಮಜೀವಿಗಳು ನೆಲೆಸಿದ ಬಂಡೆಗಳನ್ನು ಅದರಲ್ಲಿ ಇರಿಸಿದೆವು. ಕೊಳೆತುದರಿಂದ ಹುಟ್ಟುವ ಅಮೋನಿಯ ವಿಷ. ಬಂಡೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಗಳು ಬೆಳೆಯುವ ತನಕ ಹವಳವನ್ನು ಬಿಡುವಂತಿಲ್ಲ. ಇಂಥ ಜೀವಂತ ಬಂಡೆಗಳ ಉಪಯೋಗವನ್ನು ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬವರು 1961ರಲ್ಲಿಯೇ ಬರೆದು ತಿಳಿಸಿದ್ದರಂತೆ. ಬರಿಯ ಕಲ್ಲು ನೀರುಗಳನ್ನು ನೋಡುತ್ತ ನಾನು ಆರು ವಾರ ಕಳೆದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಆಗ ಪದೇ ಪದೇ ನೆನಪಾಯಿತು.

ಫ್ಲಾರಿಡಾದಲ್ಲಿ ಕಡಲಿನಿಂದ ಹವಳವನ್ನು ಕಿತ್ತು ತರುವುದು ಅಪರಾಧ. ಆದುದರಿಂದ ವೃದ್ಧರು ತಮ್ಮ ತೊಟ್ಟಿಯಲ್ಲಿ ಬೆಳೆದ ಹವಳಗಳ ತುಂಡುಗಳನ್ನೇ ಕತ್ತರಿಸಿ, ಸಣ್ಣ ಕಲ್ಲುಗಳಿಗೆ ಅಂಟಿಸಿ ಕೊಟ್ಟರು. ಮೊದಲು ಬಂದುದು ತೊಗಲು ಹವಳ. ಇದು ಮೆದು ಜಾತಿಯದು; ಇದಕ್ಕೆ ಕಲ್ಲಿನ ಗೂಡಿಲ್ಲ. ನಸುಬೆಳಕು, ಮಂದವಾದ ಸೆಳೆತ ಇದಕ್ಕೆ ಸಾಕು. ಒಂದು ದಿನ ಅದು ಮುದುಡಿ ಮಂಕಾಯಿತು. ನಾನು ಗಾಬರಿಯಿಂದ ಓಡಿಹೋದಾಗ ವೃದ್ಧರು, “ಅದು ಪೊರೆ ಬಿಡುತ್ತಿದೆ, ಸುಮ್ಮನಿರಿ” ಎಂದರು. ಕೆಲವು ದಿನಗಳಲ್ಲಿ ಅದು ಮತ್ತೆ ಅರಳಿತು.

ಎರಡನೆಯದು ಮಿದುಳು ಹವಳ. ಇದು ಗಟ್ಟಿ ಹವಳಗಳಲ್ಲಿ ದೊಡ್ಡ ಪಾಲಿಪಿನ ಜಾತಿ. ತೊಟ್ಟಿಯ ತಳದ ಮರಳಿನ ಮೇಲೆ ಕುಳಿತು, ರಾತ್ರಿ ಬಳ್ಳಿಯಂಥ ಕೈಗಳನ್ನು ಚಾಚುತ್ತದೆ. ಸಿಗಡಿಯ ಚೂರೊಂದನ್ನು ಇಟ್ಟರೆ ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ. ಇಂಥ ಹವಳಗಳನ್ನು ಒಂದಕ್ಕೊಂದು ತಾಗುವಂತೆ ಇಡಬಾರದು, ಕುಟುಕಿ ಕೊಲ್ಲುತ್ತವೆ.

ಮೂರನೆಯದು ಆಕ್ರೊಪೋರ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಇದರ ಪಾಲಿಪುಗಳು ಬಹಳ ಚಿಕ್ಕವು, ಬೇಡಿಕೆಗಳು ಬಹಳ ದೊಡ್ಡವು. ಪ್ರಖರವಾದ ಬೆಳಕು, ರಭಸದ ಸೆಳೆತ, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಉಷ್ಣತೆ—ಇವುಗಳಲ್ಲಿ ಯಾವುದೂ ಏರುಪೇರಾಗಬಾರದು. ನೀರಿನ ಕ್ಷಾರಗುಣ ಕುಂದಿದರೆ ಅದು ಗೂಡು ಕಟ್ಟಲಾರದು. ಅಜ್ಜಿಯ ಮಾತು ಅಂದು ಹೊಳೆಯಿತು: ಹವಳವೆಂದರೆ ಸುಣ್ಣ, ಸುಣ್ಣಕ್ಕೂ ಹುಳಿಗೂ ಹಗೆ.

ನಾನು ದಿನಕ್ಕೊಂದು ಔಷಧ, ವಾರಕ್ಕೊಂದು ಹೊಸ ಏರ್ಪಾಟು ಮಾಡಹೊರಟಾಗ ವೃದ್ಧರು ತಡೆದರು. “ನೀವು ಕೊಡುವುದು ಎಷ್ಟೆಂಬುದು ಮುಖ್ಯವಲ್ಲ, ನಿನ್ನೆಯಂತೆಯೇ ಇಂದೂ ಇರಲಿ” ಎಂಬುದು ಅವರ ಉಪದೇಶ. ಅತಿ ಸ್ನೇಹ ಗತಿಕೇಡು ಎಂದು ನಮ್ಮವರು ಹೇಳುವುದು ಇದನ್ನೇ ಅಲ್ಲವೆ? ಬೆಳಗ್ಗೆ ಎದ್ದೊಡನೆ ಉಷ್ಣಮಾಪಕ ನೋಡುವುದು ನನ್ನ ನಿತ್ಯವಿಧಿಯಾಯಿತು.

ಆದರೂ ನಾನು ತಪ್ಪಿದೆ. 2023ರ ಜುಲೈ ತಿಂಗಳಲ್ಲಿ ಮೂರು ದಿನ ಪರಸ್ಥಳಕ್ಕೆ ಹೋಗಬೇಕಾಯಿತು. ಬರಿಯ ಮನೆಯನ್ನು ತಂಪುಮಾಡಿ ಹಣವೇಕೆ ಪೋಲುಮಾಡಬೇಕೆಂದು ಹವಾನಿಯಂತ್ರಕವನ್ನು ಆರಿಸಿ ಹೊರಟೆ. ಮನೆ ಬರಿಯದಾಗಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಮರಳಿ ಬಂದಾಗ ನೀರಿನ ಉಷ್ಣತೆ 33 ಡಿಗ್ರಿ. ಆಕ್ರೊಪೋರದ ಮಾಂಸವೆಲ್ಲ ಕಳಚಿ ಬಿಳಿಯ ಎಲುಬು ನಿಂತಿತ್ತು. ಮಿದುಳು ಹವಳ ಬೂದಿಯಂತೆ ಬಿಳಿಚಿತ್ತು.

ವೃದ್ಧರು ನನ್ನನ್ನು ಬೈಯಲಿಲ್ಲ. ಮಿದುಳು ಹವಳವನ್ನು ದಿಟ್ಟಿಸಿ, “ಇದು ಸತ್ತಿಲ್ಲ” ಎಂದರು. ತಾಪ ಹೆಚ್ಚಿದಾಗ ಹವಳ ತನ್ನ ಪಾಚಿಯನ್ನು ಹೊರದೂಡುತ್ತದೆ. ಆಗ ಅದರ ಮೈ ಪಾರದರ್ಶಕವಾಗಿ ಒಳಗಿನ ಸುಣ್ಣ ಕಾಣುತ್ತದೆ; ಅದು ಹಸಿದಿರುತ್ತದೆ, ಆದರೆ ಬದುಕಿರುತ್ತದೆ. ನೀರನ್ನು ನಿಧಾನವಾಗಿ ತಣಿಸಿ, ಬೆಳಕು ತಗ್ಗಿಸಿ, ರಾತ್ರಿಯ ಹೊತ್ತು ಸಿಗಡಿಯ ಸಣ್ಣ ಚೂರುಗಳನ್ನು ಉಣಿಸಿದೆ. ನಾಲ್ಕು ತಿಂಗಳ ತರುವಾಯ ಅದರ ಅಂಚಿನಲ್ಲಿ ಹಸಿರು ಮರಳಿತು. ಆ ದಿನ ನನ್ನ ಕಣ್ಣು ಒದ್ದೆಯಾಯಿತು.

ಅದೇ ಜುಲೈಯಲ್ಲಿ ಫ್ಲಾರಿಡಾದ ಕಡಲೂ ಕಾದಿತ್ತು. ಆಳವಿಲ್ಲದ ಕೊಲ್ಲಿಯೊಂದರಲ್ಲಿ ನೀರಿನ ಉಷ್ಣತೆ 38 ಡಿಗ್ರಿಯನ್ನು ದಾಟಿತು. ದಿಬ್ಬಗಳ ಹವಳಗಳು ಬಿಳಿಚಿದವು. ವಿಜ್ಞಾನಿಗಳು ಕಡಲೊಳಗಿನ ಪಾಲನಾಕೇಂದ್ರಗಳಿಂದ ಸಾವಿರಾರು ಹವಳಗಳನ್ನು ತಂದು ನೆಲದ ಮೇಲಿನ ತೊಟ್ಟಿಗಳಲ್ಲಿ ಇರಿಸಿ ಕಾಪಾಡಿದರು. ನಾನು ಒಂದು ಗುಂಡಿಯೊತ್ತಿ ನನ್ನ ತೊಟ್ಟಿಯನ್ನು ತಂಪುಮಾಡಿದ್ದೆ. ಕಡಲಿಗೆ ಅಂಥ ಗುಂಡಿಯಿಲ್ಲ.

ಈಗ ನಾನು ಊರಿಗೆ ಮರಳಿದ್ದೇನೆ. ತೊಟ್ಟಿಯನ್ನು ವೃದ್ಧರಿಗೆ ಒಪ್ಪಿಸಿ ಬಂದೆ. ಇಲ್ಲಿ ಮತ್ತೊಂದನ್ನು ಹೂಡಲಿಲ್ಲ. ನಮ್ಮ ದೇಶದ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ 2001ರಿಂದ ಹುಲಿಗೆ ಕೊಟ್ಟಷ್ಟೇ ರಕ್ಷಣೆಯನ್ನು ಕೊಟ್ಟಿದೆ. ಅವುಗಳನ್ನು ಕಿತ್ತು ತರುವಂತಿಲ್ಲ. ಅದು ಸರಿಯೇ. ಸಂಜೆ ಮುರುಡೇಶ್ವರದ ತೀರದಲ್ಲಿ ನಿಂತರೆ ದಿಗಂತದಲ್ಲಿ ನೇತ್ರಾಣಿ ದ್ವೀಪ ಕಪ್ಪಗೆ ಕಾಣುತ್ತದೆ. ಅದರ ಬುಡದ ಬಂಡೆಗಳಲ್ಲಿ ಹವಳಗಳಿವೆ ಎಂಬುದು ಬಾಲ್ಯದಲ್ಲಿ ನನಗೆ ತಿಳಿದಿರಲಿಲ್ಲ. ಈಗ ಅಲೆ ಬಂದು ಕಾಲು ತೊಳೆದಾಗಲೆಲ್ಲ ಬಗ್ಗಿ ನೀರಿಗೆ ಕೈಯದ್ದಿ ನೋಡುತ್ತೇನೆ, ನಿನ್ನೆಯಂತೆಯೇ ಇದೆಯೋ ಎಂದು.