ಹಳೆ ಮನೆಯ ಪಕ್ಕಾಸು, ಹೊಸ ಮೇಜಿನ ಕಾಲು

ಉಡುಪಿಗೆ ಹೋದವರು ಸಾಮಾನ್ಯವಾಗಿ ಕೃಷ್ಣ ಮಠಕ್ಕೆ ಹೋಗುತ್ತಾರೆ, ಮಲ್ಪೆಯ ಕಡಲಿಗೆ ಇಳಿಯುತ್ತಾರೆ, ಹವೆ ಚೆನ್ನಾಗಿದ್ದರೆ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪವನ್ನೂ ನೋಡಿಕೊಂಡು ಊರಿಗೆ ಮರಳುತ್ತಾರೆ. ಹೆದ್ದಾರಿಯ ಬದಿಯಲ್ಲಿ ಹಳೆ ಹಂಚಿನ ರಾಶಿ, ಒರಗಿಸಿಟ್ಟ ಬಾಗಿಲು, ಅಡ್ಡಡ್ಡ ಪೇರಿಸಿದ ಮರ ಕಂಡರೆ ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಅದು ಪ್ರೇಕ್ಷಣೀಯ ಸ್ಥಳವಲ್ಲ, ನಿಜ. ಆದರೆ ಮನೆಯಲ್ಲಿ ಮರಗೆಲಸದ ಹುಚ್ಚು ಹತ್ತಿದ ಮಗನೋ ಮಗಳೋ ಇದ್ದರೆ, ಇಲ್ಲವೇ ಕಾಲೇಜಿನ ಪ್ರಾಜೆಕ್ಟಿಗೆ ಮರ ಬೇಕಾಗಿದ್ದರೆ, ಅಲ್ಲಿ ಇಳಿದು ಅರ್ಧ ದಿನ ಕಳೆಯುವುದು ಲಾಭದ ಕೆಲಸ.

ಆ ರಾಶಿ ಒಂದು ಕಾಲದ ಮನೆ. ಕೆಡವಿದ ಮನೆಯ ಮಾಡಿನಿಂದ ಇಳಿಸಿದ ಪಕ್ಕಾಸು, ರೀಪು, ತೊಲೆ, ದಾರಂದ, ಮುಚ್ಚಿಗೆಯ ಹಲಗೆ. ಬಯಲುಸೀಮೆಯ ಓದುಗರಿಗಾಗಿ ಹೇಳುವುದಾದರೆ, ಹಂಚಿನ ಮಾಡಿನ ಇಳಿಜಾರಿಗೆ ಉದ್ದಕ್ಕೆ ಹಾಕುವ ಮರ ಪಕ್ಕಾಸು. ಅದರ ಮೇಲೆ ಅಡ್ಡಲಾಗಿ ಹೊಡೆಯುವ ಪಟ್ಟಿ ರೀಪು. ಹಂಚು ಕೂರುವುದು ರೀಪಿನ ಮೇಲೆ. ಬಾಗಿಲಿನ ಚೌಕಟ್ಟು ದಾರಂದ. ಮರದ ಹಲಗೆಗಳ ಒಳಛಾವಣಿ ಮುಚ್ಚಿಗೆ.

ಮನೆಗಳು ಏಕೆ ಬಿದ್ದವು?

ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅಲ್ಲಿಂದ ಮುಂದೆ ಮುಳಿಹುಲ್ಲಿನ ಮಾಡು ಹೋಗಿ ಕರಾವಳಿಯ ಉದ್ದಕ್ಕೂ ಕೆಂಪು ಹಂಚು ಬಂತು. ಕಾಡು ಕೈಗೆಟಕುವ ದೂರದಲ್ಲಿತ್ತು. ಹಲಸು, ಹೆಬ್ಬಲಸು, ಸಾಗುವಾನಿ, ಮತ್ತಿ, ಕಿರಾಲುಬೋಗಿ, ತಾಳೆ ಎಲ್ಲವೂ ಮನೆಯ ಮಾಡನ್ನು ಹೊತ್ತವು. ಕಂಬ, ಬಾಗಿಲು, ಮುಚ್ಚಿಗೆಗಳಿಗಂತೂ ಒಳ್ಳೆಯ ಮರವನ್ನೇ ಆರಿಸುತ್ತಿದ್ದರು.

ಆ ದೊಡ್ಡ ಮನೆಗಳು ನಡೆಯುತ್ತಿದ್ದದ್ದು ಗೇಣಿಯ ಅಕ್ಕಿಯಿಂದ. 1974ರ ಭೂ ಸುಧಾರಣೆಯ ತಿದ್ದುಪಡಿಯಿಂದ ಉಳುವವನು ಹೊಲದೊಡೆಯನಾದ. ಆಗಬೇಕಾದದ್ದೇ ಆಯಿತು. ಆದರೆ ಗೇಣಿ ನಿಂತ ಮೇಲೆ ಐವತ್ತು ಜನರಿಗೆಂದು ಕಟ್ಟಿದ ಮನೆಯ ಮಾಡನ್ನು ವರ್ಷ ವರ್ಷ ರಿಪೇರಿ ಮಾಡಿಸುವ ಶಕ್ತಿ ಅನೇಕ ಕುಟುಂಬಗಳಿಗೆ ಉಳಿಯಲಿಲ್ಲ. ಪಾಲುಪಟ್ಟಿಯಾಯಿತು, ಮಕ್ಕಳು ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದರು, ತಾರಸಿ ಮನೆ ಬಂತು. ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಹಳೆ ಮನೆಗಳೂ ಕೆಲವು ಹೋದವು. ಹೀಗೆ ಕೆಳಗಿಳಿದ ಮರವೇ ಈಗ ರಸ್ತೆ ಬದಿಯ ಅಂಗಳಗಳಲ್ಲಿ ಬಿದ್ದಿರುವುದು.

ಬಿದ್ದದ್ದನ್ನು ಎತ್ತಿ ನಿಲ್ಲಿಸಿದ ಊರು

ಈ ಅಂಗಳಗಳಿಗೆ ಹೋಗುವ ಮೊದಲು ಮಣಿಪಾಲಕ್ಕೆ ಹೋಗಿ ಬರುವುದು ಒಳ್ಳೆಯದು. ಅಲ್ಲಿನ ಅನಂತನಗರದಲ್ಲಿ, ಮಣ್ಣಪಳ್ಳ ಕೆರೆಯ ಸಮೀಪ, ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಇದನ್ನು ಕಟ್ಟಿದ ವಿಜಯನಾಥ ಶೆಣೈ ವಾಸ್ತುಶಿಲ್ಪಿಯಲ್ಲ, ಬ್ಯಾಂಕ್ ಉದ್ಯೋಗಿ. ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲುಗಳು ಸೌದೆಯ ಪಾಲಾಗುವುದನ್ನು ಕಂಡು ಅವನ್ನು ಕೊಂಡು ತರುತ್ತಾ ಹೋದರು. ಮೊದಲು ಅವುಗಳಿಂದ ತಮ್ಮ ಸ್ವಂತ ಮನೆ ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸುವ ಸಾಹಸಕ್ಕೆ ಇಳಿದರು. ಮಿಯಾರು ಮನೆ, ಕುಂಜೂರು ಚೌಕಿ ಮನೆ, ಹರ್ಕೂರು ಒಳಗಿನ ಮನೆಗಳ ಜೊತೆಗೆ ವಿಜಯನಗರ ಕಾಲದ ಕುಕನೂರಿನ ಕಮಲ ಮಹಲೂ ಈಗ ಅಲ್ಲಿ ನಿಂತಿದೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳು ಅಲ್ಲಿ ಗಮನಿಸಬೇಕಾದದ್ದು ಕೆತ್ತನೆಯನ್ನಷ್ಟೇ ಅಲ್ಲ, ಜೋಡಣೆಯನ್ನು. ಹಳೆಯ ಆಚಾರಿಗಳು ತೊಲೆಗೂ ಕಂಬಕ್ಕೂ ಮೊಳೆ ಹೊಡೆಯದೆ ಗೂಟ ಮತ್ತು ಕಂಡಿಯಿಂದ ಕೂಡಿಸುತ್ತಿದ್ದರು. ಹೀಗೆ ಕೂಡಿಸಿದ್ದನ್ನು ಮರ ಸೀಳದಂತೆ ಬಿಚ್ಚಬಹುದು, ಗುರುತು ಹಾಕಿ ಇನ್ನೊಂದು ಊರಿನಲ್ಲಿ ಮತ್ತೆ ಕೂಡಿಸಬಹುದು. ಇದನ್ನು ಕಣ್ಣಾರೆ ಕಂಡವರಿಗೆ ರಸ್ತೆ ಬದಿಯ ರಾಶಿ ಬೇರೆಯೇ ರೀತಿ ಕಾಣುತ್ತದೆ.

ಅಂಗಳದೊಳಗೆ

ಬ್ರಹ್ಮಾವರದ ಕಡೆಗೆ ಹೋಗುವ ದಾರಿಯ ಅಂಥದೊಂದು ಅಂಗಳಕ್ಕೆ ನಾನು ಹೋದ ದಿನ, ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಅವಳಿಗೆ ಓದುವ ಮೇಜು ಮಾಡಬೇಕಿತ್ತು. ತಂದೆಗೆ ಮನಸ್ಸಿರಲಿಲ್ಲ.

“ಇದೆಲ್ಲ ಹುಳ ಹಿಡಿದದ್ದು ಮಗಾ. ಹೊಸತೇ ತೆಗೊಳ್ಳುವ.”

ಹುಡುಗಿ ಕಪ್ಪಗಿದ್ದ ಒಂದು ಪಕ್ಕಾಸಿನ ಮೂಲೆಯನ್ನು ಚಾಕುವಿನಿಂದ ಕೆರೆದಳು. “ಹಲಸು ಅಪ್ಪ. ನೋಡಿ, ಒಳಗೆ ಹಳದಿ ಉಂಟು.”

ಅಂಗಳದ ಯಜಮಾನರು ನಕ್ಕರು. “ಸೌದೆಗೆ ಕೊಟ್ಟರೆ ನನಗೆ ಸುಲಭ ಮಾರಾಯ್ರೆ. ಲಾರಿ ಬರ್ತದೆ, ತುಂಬಿಸಿಕೊಂಡು ಹೋಗ್ತದೆ. ಮಕ್ಕಳು ಬಂದು ಹೀಗೆ ಆರಿಸಿದರೆ ಅಷ್ಟಾದರೂ ಮರ ಉಳೀತದೆ.”

ಈ ವ್ಯಾಪಾರದ ಒಳಗುಟ್ಟು ಆ ಮಾತಿನಲ್ಲಿದೆ. ಕೆತ್ತನೆಯ ಬಾಗಿಲು, ಬೋದಿಗೆಯ ಕಂಬ, ಅಡ್ಡಪಟ್ಟಿಯ ಪೆಟ್ಟಿಗೆಗಳಿಗೆ ಪ್ರಾಚೀನ ವಸ್ತುಗಳ ವ್ಯಾಪಾರಿಗಳು ಬರುತ್ತಾರೆ. ಅವುಗಳ ಬೆಲೆ ವಿದ್ಯಾರ್ಥಿಯ ಕೈಗೆ ನಿಲುಕುವುದಿಲ್ಲ. ಪಕ್ಕಾಸು, ರೀಪು, ಮುರಿದ ಹಲಗೆಗಳನ್ನು ಕೇಳುವವರು ಕಡಿಮೆ. ಮೊಳೆ ತೆಗೆಯುವ, ತುದಿ ಕೊಯ್ಯುವ, ಕೀಸುವ ಕೂಲಿ ಮರದ ಬೆಲೆಯನ್ನೇ ಮೀರುವುದರಿಂದ ದೊಡ್ಡ ಕೆಲಸದವರಿಗೆ ಅದು ಬೇಡ. ವಿದ್ಯಾರ್ಥಿಗೆ ಆ ಕೂಲಿ ಇಲ್ಲ, ಅವನ ರಜೆಯೇ ಕೂಲಿ. ಹಳೆ ಮರ ಅಗ್ಗವಾಗುವುದು ಅವನೇ ಕೈಯಾರೆ ದುಡಿದಾಗ ಮಾತ್ರ. ಮರವನ್ನು ತಂದು ಎಲ್ಲ ಕೆಲಸವನ್ನೂ ಆಚಾರಿಗೆ ಒಪ್ಪಿಸುವುದಾದರೆ ಹೊಸ ಮರವೇ ವಾಸಿ.

ಆರಿಸುವುದು ಹೇಗೆ?

ಮೊದಲು ಮರವನ್ನು ಎತ್ತಿ ನೋಡಿ. ಗಾತ್ರಕ್ಕಿಂತ ತೀರ ಹಗುರವೆನಿಸಿದರೆ ಒಳಗೆ ಗೆದ್ದಲು ಟೊಳ್ಳು ಮಾಡಿರಬಹುದು. ಗೆಣ್ಣಿನಿಂದ ತಟ್ಟಿ. ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಬೊದಬೊದ ಎನ್ನುತ್ತದೆ. ಗೋಡೆಯೊಳಗೆ ಹುದುಗಿದ್ದ ತುದಿಯನ್ನೂ ಮಾಡು ಸೋರಿದ ಜಾಗವನ್ನೂ ಚಾಕುವಿನ ಮೊನೆಯಿಂದ ಚುಚ್ಚಿ ನೋಡಬೇಕು. ಸಣ್ಣ ತೂತುಗಳಿದ್ದರೆ ಕುಟ್ಟೆ ಹಿಡಿದಿತ್ತು ಎಂದರ್ಥ. ಮರವನ್ನು ನೆಲಕ್ಕೆ ಕುಟ್ಟಿದಾಗ ತೂತಿನಿಂದ ತಿಳಿಬಣ್ಣದ ಹೊಸ ಹುಡಿ ಉದುರಿದರೆ ಹುಳ ಇನ್ನೂ ಇದೆ. ಅಂಥದ್ದನ್ನು ಮನೆಗೆ ತಂದರೆ ಮನೆಯ ಉಳಿದ ಮರಕ್ಕೂ ಹರಡುತ್ತದೆ.

ಮುಂದಿನದು ಮೊಳೆ. ಮಂಗಳೂರು ಹಂಚಿನ ರೀಪುಗಳು ಸುಮಾರು ಒಂದು ಅಡಿಗೊಂದರಂತೆ ಬರುತ್ತವೆ. ಹಾಗಾಗಿ ಪಕ್ಕಾಸಿನ ಮೇಲ್ಮೈಯಲ್ಲಿ ಅಡಿಗೊಂದು ಮೊಳೆ ಇದ್ದೇ ಇರುತ್ತದೆ. ತಲೆ ಮುರಿದು ಒಳಗುಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೀಸುಳಿಯ ಅಲಗನ್ನು ಹಾಳುಮಾಡುತ್ತದೆ, ಯಂತ್ರದ ಗರಗಸಕ್ಕೆ ಸಿಕ್ಕರೆ ಕಣ್ಣಿಗೇ ಸಿಡಿಯುತ್ತದೆ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಎಳೆದರೆ ಅಡಗಿದ ಕಬ್ಬಿಣ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೊಳೆಯ ಸುತ್ತ ನೀಲಿಗಪ್ಪು ಕಲೆ ಕಂಡರೆ ಹೆದರಬೇಡಿ. ಮರದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು. ಹಿಂದಿನವರು ಶಾಯಿ ತಯಾರಿಸುತ್ತಿದ್ದದ್ದೂ ಇದೇ ರಸಾಯನ ಕ್ರಿಯೆಯಿಂದ.

ಇನ್ನು ಲೆಕ್ಕ. ಮರವನ್ನು ಘನ ಅಡಿಯಲ್ಲಿ ಅಳೆಯುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರಾಯಿತು. 12 ಅಡಿ ಉದ್ದ, 3 ಇಂಚು ಅಗಲ, 2 ಇಂಚು ದಪ್ಪದ ಪಕ್ಕಾಸು ಸರಿಯಾಗಿ ಅರ್ಧ ಘನ ಅಡಿ. 4 ಅಡಿ ಉದ್ದ, 2 ಅಡಿ ಅಗಲದ ಓದುವ ಮೇಜಿಗೆ ಹಲಗೆ, ಕಾಲು, ಅಡ್ಡಪಟ್ಟಿ ಎಲ್ಲ ಸೇರಿ ಸುಮಾರು 1.2 ಘನ ಅಡಿ ಬೇಕು. ತುದಿ, ಮೊಳೆಯ ಜಾಗ, ಗರಗಸ ತಿನ್ನುವ ಪುಡಿ ಎಂದು ಮೂರನೆಯ ಒಂದು ಭಾಗ ಹೋಗುತ್ತದೆಂದು ಹಿಡಿದರೆ ಅಂಥ ನಾಲ್ಕು ಪಕ್ಕಾಸು ಸಾಕು. ಒಂದು ಕಾಲುಗಳಿಗೆ, ಅರ್ಧ ಅಡ್ಡಪಟ್ಟಿಗಳಿಗೆ, ಉಳಿದದ್ದನ್ನು ಮಧ್ಯಕ್ಕೆ ಸೀಳಿ ಪಕ್ಕಪಕ್ಕ ಅಂಟಿಸಿದರೆ ಮುಕ್ಕಾಲು ಇಂಚು ದಪ್ಪದ ಮೇಲ್ಹಲಗೆ.

ಬೆಲೆ ಹೋಲಿಸುವಾಗಲೂ ಈ ನಷ್ಟವನ್ನು ಮರೆಯಬಾರದು. ಘನ ಅಡಿಗೆ 100 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಮೂರನೆಯ ಒಂದು ಭಾಗ ಹೋದ ಮೇಲೆ ಕೈಗೆ ಬಂದ ಮರಕ್ಕೆ 150 ಬಿದ್ದಂತಾಯಿತು. ಅದಕ್ಕೆ ಸಾ ಮಿಲ್ಲಿನ ಕೂಲಿ ಮತ್ತು ಬಾಡಿಗೆ ವಾಹನದ ಖರ್ಚು ಸೇರಿಸಿ ಹೊಸ ಮರದ ದರದ ಪಕ್ಕದಲ್ಲಿಟ್ಟು ನೋಡಿ.

ಹೆತ್ತವರಿಗೆ ನಾಲ್ಕು ಮಾತು

ಹಳೆ ಬಾಗಿಲು, ಕಿಟಕಿಗಳಿಗೆ ಬಳಿದ ಬಣ್ಣದಲ್ಲಿ ಸೀಸವಿರಬಹುದು. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಬಣ್ಣದ ಮರವನ್ನು ಒಣಗಾಗಿ ಮರಳು ಕಾಗದದಿಂದ ಉಜ್ಜಲು ಮಕ್ಕಳನ್ನು ಬಿಡಬೇಡಿ. ಬಣ್ಣ ಕಾಣದ ಪಕ್ಕಾಸನ್ನೇ ಆರಿಸುವುದು ಕ್ಷೇಮ.

ಕರಾವಳಿಯಲ್ಲಿ ಗೆದ್ದಲು ಹಿಡಿಯದಂತೆ ಮರಕ್ಕೆ ಗೇರೆಣ್ಣೆ ಬಳಿಯುವ ರೂಢಿ ಇದೆ. ಮರ ಕಪ್ಪಾಗಿ ಅಂಟಂಟಾಗಿದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಚರ್ಮ ಸುಡುತ್ತದೆ. ಕ್ರಿಯೊಸೋಟ್ ಎಣ್ಣೆ ಕುಡಿಸಿದ ಹಳೆ ರೈಲ್ವೆ ಸ್ಲೀಪರುಗಳು ಗಟ್ಟಿಯಾಗಿದ್ದರೂ ಮನೆಯೊಳಗಿನ ಪೀಠೋಪಕರಣಕ್ಕೆ ಬೇಡ. ಯಾವ ಮರದ ಧೂಳೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಮುಖಗವಸು, ಕನ್ನಡಕ ಕೊಡಿಸಿ, ಕೆಲಸ ಅಂಗಳದಲ್ಲೇ ನಡೆಯಲಿ.

ಕೊಂಡ ಮರಕ್ಕೆ ರಸೀದಿ ಕೇಳಿ, ಯಾವ ಊರಿನ ಮನೆಯದೆಂದು ಬರೆಸಿಕೊಳ್ಳಿ. ಸಾಗುವಾನಿ, ಬೀಟೆ ಮುಂತಾದ ಬೆಲೆಬಾಳುವ ಮರವನ್ನು ದೂರಕ್ಕೆ ಒಯ್ಯುವುದಿದ್ದರೆ ರಹದಾರಿ ಬೇಕೇ ಎಂದು ಹತ್ತಿರದ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಉತ್ತಮ. ರಸೀದಿ ಕೊಡಲು ಹಿಂದೆಗೆಯುವ ಕಡೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಮರ ತಂದ ದಿನವೇ ಗರಗಸ ಹಿಡಿಯಬೇಡಿ. ಹಳೆ ಮರ ಒಣಗಿಯೇ ಇರುತ್ತದೆ ಎನ್ನುವುದು ಅರ್ಧ ಸತ್ಯ. ಅಂಗಳದಲ್ಲಿ ಮಳೆಗೆ ನೆನೆದ ಮರ ಮತ್ತೆ ನೀರು ಕುಡಿದಿರುತ್ತದೆ. ಕರಾವಳಿಯ ತೇವದಲ್ಲಿದ್ದ ಮರ ಬಳ್ಳಾರಿ, ಕಲಬುರಗಿಯ ಒಣ ಹವೆಗೆ ಹೋದರೆ ಇನ್ನಷ್ಟು ಕುಗ್ಗುತ್ತದೆ. ಅದು ಮೇಜಾದ ಮೇಲೆ ಕುಗ್ಗಿದರೆ ಸಂದು ಬಿಡುತ್ತದೆ. ಗಾಳಿಯಾಡುವಂತೆ ನಡುವೆ ಪಟ್ಟಿ ಇಟ್ಟು, ಮನೆಯೊಳಗೆ ನಾಲ್ಕಾರು ವಾರ ಪೇರಿಸಿಡಿ.

ಹೋಗುವವರಿಗೆ

ಮಾಡು ಬಿಚ್ಚುವ ಕೆಲಸ ನಡೆಯುವುದು ಮಳೆಗಾಲ ಮುಗಿದ ಮೇಲೆ. ಆದ್ದರಿಂದ ಜನವರಿಯಿಂದ ಮೇ ತನಕ ಅಂಗಳಗಳಲ್ಲಿ ಆಯ್ಕೆ ಹೆಚ್ಚು. ಮಂಗಳೂರಿನಿಂದ ಉಡುಪಿ ಒಂದೂವರೆ ಗಂಟೆಯ ಬಸ್ ಪ್ರಯಾಣ. ಕೊಂಕಣ ರೈಲಿನ ಉಡುಪಿ ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಮಣಿಪಾಲಕ್ಕೆ ಹೋಗುವ ದಾರಿಯಲ್ಲೇ. ಹೆರಿಟೇಜ್ ವಿಲೇಜಿನ ದಿನ, ವೇಳೆ, ಪ್ರವೇಶ ದರವನ್ನು ಮೊದಲೇ ವಿಚಾರಿಸಿ ಹೊರಡಿ. ಬರುವಾಗ ಅಳತೆಪಟ್ಟಿ, ಚಾಕು, ಅಯಸ್ಕಾಂತ, ದಪ್ಪ ಕೈಚೀಲಗಳಿರಲಿ.

ಪಕ್ಕಾಸೂ ದುಬಾರಿಯೆನಿಸಿದರೆ ಇನ್ನೊಂದು ದಾರಿ ಇದೆ. ಬಂದರು, ಕೈಗಾರಿಕೆಗಳಿರುವ ಊರುಗಳಲ್ಲಿ ಯಂತ್ರಗಳು ಬರುವ ಪೈನ್ ಮರದ ಪೆಟ್ಟಿಗೆ, ಅಡಿಮಣೆಗಳು ಗುಜರಿಗೆ ಬೀಳುತ್ತವೆ. ವಿದೇಶದಿಂದ ಬಂದವುಗಳ ಮೇಲೆ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಬಿಟ್ಟುಬಿಡಿ.

ಕೊನೆಗೊಂದು ವಿನಂತಿ. ಅಗ್ಗದ ಮರಕ್ಕಾಗಿ ನಿಂತಿರುವ ಮನೆಯನ್ನು ಕೆಡವಲು ಯಾರಿಗೂ ಹೇಳಬೇಡಿ. ವಾಸಕ್ಕೆ ಯೋಗ್ಯವಾದ ಮನೆ ನಿಂತೇ ಇರಲಿ. ಹೇಗೂ ಬಿದ್ದ ಮನೆಯ ಮರ ಹೋಟೆಲಿನ ಒಲೆಗೋ ಬಾಯ್ಲರಿಗೋ ಹೋಗಿ ಒಂದು ಗಂಟೆಯಲ್ಲಿ ಬೂದಿಯಾಗುವ ಮೊದಲು, ಅದರಲ್ಲಿ ನಾಲ್ಕು ತುಂಡನ್ನಾದರೂ ನಮ್ಮ ಮಕ್ಕಳು ಎತ್ತಿಕೊಂಡು ಬರಲಿ. ಮೂರು ತಲೆಮಾರು ಮಳೆ ತಡೆದ ಮರ ಇನ್ನೊಂದು ತಲೆಮಾರಿನ ಪುಸ್ತಕದ ಭಾರವನ್ನು ಸುಲಭವಾಗಿ ಹೊರಬಲ್ಲದು.